ಕರುಳಿನ ನೋವಿಗೆ ಕರುಳು ಮಿಡಿಯಲಿ

(ಲೂರ್ದು ಮಾತೆಯ ಹಬ್ಬ ಹಾಗೂ ವಿಶ್ವ ರೋಗಿಗಳ ದಿನದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಒಂಬತ್ತು ದಿನಗಳ ನೊವೇನಾ ಮುಗಿಸಿ ಇಂದು ಲೂರ್ದು ಮಾತೆಯ ಹಬ್ಬಕ್ಕೆ ಬಂದು ನಿಂತಿದ್ದೇವೆ. ಫ್ರಾನ್ಸ್ ದೇಶದ ಲೂರ್ದು ಎಂಬ ಚಿಕ್ಕ ಊರಿನಲ್ಲಿ, 1858ರ ಫೆಬ್ರವರಿ 11ರಂದು, ಕಟ್ಟಿಗೆ ಆರಿಸಲು ಹೋಗಿದ್ದ ಹದಿನಾಲ್ಕು ವರ್ಷದ ಬಡ ಹುಡುಗಿ ಬರ್ನದೆತ್ತಳಿಗೆ ಮಾತೆ ಮರಿಯಮ್ಮನವರು ದರ್ಶನವಿತ್ತ ದಿನವಿದು. 1993ರಿಂದ ಧರ್ಮಸಭೆಯು ಇದೇ ದಿನವನ್ನು ವಿಶ್ವ ರೋಗಿಗಳ ದಿನವನ್ನಾಗಿಯೂ ಆಚರಿಸುತ್ತಿದೆ.

ಈ ಒಂಬತ್ತು ದಿನ ಗವಿಯ ಮುಂದಿಟ್ಟ ಪೆಟ್ಟಿಗೆಯಲ್ಲಿ ನೀವು ಹಾಕಿದ ಕೋರಿಕೆಯ ಚೀಟಿಗಳನ್ನು ನಾವು ಒಂದೊಂದಾಗಿ ಓದಿದೆವು. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಬಿ.ಪಿ., ಎದೆನೋವು, ಮಕ್ಕಳ ಜ್ವರ ಎಂದು ಹೆಸರು ಹಿಡಿದು ಬರೆದಿದ್ದೀರಿ. ಒಂದು ಚೀಟಿಯಲ್ಲಿ ಮಾತ್ರ ಕಾಯಿಲೆಯ ಹೆಸರಿರಲಿಲ್ಲ. ‘ಹೇಳಾಕ ಆಗದಂಥ ಬ್ಯಾನಿಗೆ ಪ್ರಾರ್ಥನಾ ಮಾಡ್ರಿ’ ಎಂದಷ್ಟೇ ಇತ್ತು. ಯಾರು ಬರೆದರೋ ನಮಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆದರೆ ಹೇಳಲಾಗದಂಥ ಬೇನೆಯೊಂದನ್ನು ನಾವು ಈಗಾಗಲೇ ಬಲ್ಲೆವು. ಇಂದು ಅದರ ಬಗ್ಗೆಯೇ ಮಾತನಾಡಬೇಕೆಂದಿದ್ದೇವೆ. ಅದು ವರ್ಷಗಟ್ಟಲೆ ಬಿಡದೆ ಕಾಡುವ ಕರುಳಿನ ಕಾಯಿಲೆ.

ಬಲಿಪೀಠದ ಮುಂದೆ ನಿಂತು ಮಲ, ರಕ್ತ, ಸಂಡಾಸು ಎಂದು ಮಾತನಾಡುವುದೇ ಎಂದು ಯಾರಿಗಾದರೂ ಅನ್ನಿಸಿದರೆ ಶುಭಸಂದೇಶವೇ ನಮ್ಮ ನೆರವಿಗಿದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕಥೆಯನ್ನು ಸಂತ ಮಾರ್ಕನು ತನ್ನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ನಾಚಿಕೆಯಿಲ್ಲದೆ ಬರೆದಿಟ್ಟಿದ್ದಾನೆ. ಪವಿತ್ರ ಗ್ರಂಥವೇ ಹೇಳಿರುವಾಗ ನಾವೇಕೆ ಬಾಯಿ ಮುಚ್ಚಿಕೊಳ್ಳಬೇಕು?

ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳುತ್ತೇವೆ. ಸಿಂಧನೂರು ಕಡೆಯ ಒಬ್ಬ ತಾಯಿ. ಎರಡು ಮಕ್ಕಳು, ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ನಾಟಿಯ ಕೂಲಿ. ತಪ್ಪದೆ ಪೂಜೆಗೆ ಬರುತ್ತಿದ್ದವರು ಸುಮಾರು ಒಂದು ವರ್ಷ ಕಾಣಲೇ ಇಲ್ಲ. ಬೇರೆ ಸಭೆಗೆ ಹೋಗುತ್ತಿರಬೇಕೆಂದು ನಾವು ತೀರ್ಮಾನ ಮಾಡಿಬಿಟ್ಟೆವು. ಒಂದು ಭಾನುವಾರ ಇದೇ ಪೀಠದಿಂದ ಹೆಸರು ಹೇಳದೆ ಚುಚ್ಚಿಯೂ ಮಾತನಾಡಿದೆವು. ಪಾಸ್ಖ ಹಬ್ಬದ ನಂತರ ಮನೆಗಳನ್ನು ಆಶೀರ್ವದಿಸಲು ಹೋದಾಗ ಅವರ ಮನೆಗೂ ಹೋಗಿ, ‘ಏನಮ್ಮಾ, ದೇವರನ್ನು ಮರೆತಿರೇನು?’ ಎಂದು ಕೇಳಿದೆವು. ಆ ತಾಯಿ ತಲೆ ತಗ್ಗಿಸಿ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: ‘ದೇವರನ್ನ ಮರ್ತಿಲ್ರಿ ಫಾದರ್. ಒಂದು ತಾಸು ಕುಂದ್ರಾಕ ಆಗಂಗಿಲ್ಲ. ನಡುವ ಎದ್ದು ಹೋದ್ರ ಎಲ್ಲಾರೂ ತಿರುಗಿ ನೋಡ್ತಾರ. ಎದ್ದು ಹೋಗಾಕರ ಎಲ್ಲಿಗೆ? ಸಂಡಾಸಕ್ಕ ನೀವು ಕೀಲಿ ಹಾಕಿರ್ತೀರಿ.’

ನಿಜ. ಹೊರಗಿನವರು ಗಲೀಜು ಮಾಡುತ್ತಾರೆಂದು ಬೀಗ ಹಾಕಿಸಿದವರು ನಾವೇ. ಬೀಗದ ಕೈ ನಮ್ಮ ಮನೆಯ ಮೊಳೆಗೆ ತೂಗುತ್ತಿತ್ತು. ಅವರನ್ನು ಪೂಜೆಯಿಂದ ದೂರ ಇಟ್ಟದ್ದು ಕಾಯಿಲೆಯೊಂದೇ ಆಗಿರಲಿಲ್ಲ, ನಮ್ಮ ಬೀಗವೂ ಆಗಿತ್ತು. ಆ ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇದನ್ನು ಹೇಳುತ್ತಿದ್ದೇವೆ.

ಅವರಿಗಿರುವುದು ದೊಡ್ಡ ಕರುಳಿನ ಹುಣ್ಣು. ಡಾಕ್ಟರರು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ. ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗುತ್ತದೆ. ಮಲದಲ್ಲಿ ರಕ್ತ, ಆಮ, ದಿನಕ್ಕೆ ಹಲವು ಬಾರಿ ತಡೆಯಲಾರದ ಅವಸರ, ಹೊಟ್ಟೆ ನುಲಿತ, ರಕ್ತ ಕಡಿಮೆಯಾಗಿ ನಿಶ್ಶಕ್ತಿ. ಇದರ ಜೊತೆಯದೇ ಇನ್ನೊಂದು ಕ್ರೋನ್ಸ್ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಕ್ರೋನ್ ಮತ್ತು ಸಂಗಡಿಗರು ಅದನ್ನು ವಿವರಿಸಿದ್ದರಿಂದ ಆ ಹೆಸರು. ಅದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿಯಾದರೂ ಬರಬಹುದು. ಇವೆರಡೂ ಹೆಚ್ಚಾಗಿ ಹರೆಯದಲ್ಲೇ, ದುಡಿಯುವ, ಮದುವೆಯಾಗುವ ವಯಸ್ಸಿನಲ್ಲೇ ತಲೆ ಎತ್ತುತ್ತವೆ. ದೇಹವನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಕರುಳಿನ ಮೇಲೆ ತಿರುಗುತ್ತದೆ. ಯಾಕೆ ಹೀಗಾಗುತ್ತದೆಂಬುದು ಇನ್ನೂ ಪೂರ್ತಿ ಬಯಲಾಗಿಲ್ಲ. ಒಮ್ಮೆ ತಣ್ಣಗಾಗುತ್ತದೆ, ಮತ್ತೊಮ್ಮೆ ಕೆರಳುತ್ತದೆ. ಮಾತ್ರೆಗಳು ಬೇರುಸಹಿತ ಕಿತ್ತು ಹಾಕಲಾರವು, ಆದರೆ ಹತೋಟಿಯಲ್ಲಿ ಇಡುತ್ತವೆ. ಇದು ಶ್ರೀಮಂತ ದೇಶಗಳ ಕಾಯಿಲೆ ಎಂದು ಹಿಂದೆ ಭಾವಿಸಿದ್ದರು. ಪಂಜಾಬಿನಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ದೊಡ್ಡ ಕರುಳಿನ ಹುಣ್ಣು ಕಂಡುಬಂದಿತ್ತು.

ಒಂದು ಮಾತನ್ನು ಬಿಡಿಸಿ ಹೇಳುತ್ತೇವೆ. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಹರಡುವುದಿಲ್ಲ. ಇದು ಮಾಟವಲ್ಲ, ಹಿರಿಯರ ಶಾಪವಲ್ಲ, ಪಾಪದ ಕೂಲಿಯೂ ಅಲ್ಲ. ಹುಟ್ಟು ಕುರುಡನನ್ನು ತೋರಿಸಿ ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ಹೆತ್ತವರದೂ ಅಲ್ಲವೆಂದು ಯೇಸುಸ್ವಾಮಿ ತಿಳಿಸಿದ್ದು ಯೊವಾನ್ನನ ಒಂಬತ್ತನೆಯ ಅಧ್ಯಾಯದಲ್ಲಿದೆ.

ಪ್ರಿಯರೇ, ಈಗ ಮಾರ್ಕನ ಶುಭಸಂದೇಶದ ಆ ಹೆಂಗಸಿನ ಬಳಿಗೆ ಬನ್ನಿ. ಅವಳ ಮೈಯಲ್ಲಿದ್ದದ್ದು ಒಂದು ಕಾಯಿಲೆ. ಆ ಕಾಯಿಲೆಯ ಮೇಲೆ ಊರು ಹೇರಿದ ಹೊರೆಗಳು ಮೂರು. ಆ ಮೂರನ್ನೂ ನಾವು ನಮ್ಮ ಊರುಗಳಲ್ಲಿ ಕಂಡಿದ್ದೇವೆ.

ಮೊದಲನೆಯದು ನಾಚಿಕೆಯ ಹೊರೆ. ರಕ್ತ ಹೋಗುವ ಹೆಂಗಸು ಮೈಲಿಗೆ, ಅವಳು ಕುಳಿತ ಜಾಗ ಮೈಲಿಗೆ ಎಂಬುದು ಅಂದಿನ ಯೆಹೂದ್ಯರ ಕಟ್ಟಳೆ. ಅದಕ್ಕಾಗಿಯೇ ಅವಳು ಯೇಸುವಿನ ಎದುರಿಗೆ ಬರಲಿಲ್ಲ, ಗುಂಪಿನಲ್ಲಿ ಹಿಂದಿನಿಂದ ಬಂದು ಉಡುಪಿನ ಅಂಚು ಮುಟ್ಟಿದಳು. ನಮ್ಮ ಆ ತಾಯಿ ಎರಡು ವರ್ಷ ತನ್ನ ಗಂಡನಿಗೂ ರಕ್ತದ ವಿಷಯ ಹೇಳಿರಲಿಲ್ಲ. ಅತ್ತೆಗೆ ಹೇಳಿದಾಗ ಮೂಲವ್ಯಾಧಿ ಇರಬೇಕೆಂದು ಗಿಡಮೂಲಿಕೆಯವರ ಬಳಿ ಕಳಿಸಿದರು. ಅಷ್ಟರಲ್ಲಿ ಹುಣ್ಣು ಬಲಿಯಿತು. ಗದ್ದೆಯಲ್ಲಿ ಹತ್ತು ಮಂದಿಯ ಸಾಲಿನಲ್ಲಿ ನಾಟಿ ಮಾಡುವಾಗ ಒಬ್ಬಳು ಮತ್ತೆ ಮತ್ತೆ ಸಾಲು ಬಿಟ್ಟು ಹೋದರೆ ಮೇಸ್ತ್ರಿ ಮರುದಿನ ಕರೆಯುವುದಿಲ್ಲ. ಬಯಲಲ್ಲಿ ಮರೆಯೂ ಇರುವುದಿಲ್ಲ. ಆದ್ದರಿಂದ ಅವರು ಕೆಲಸದ ದಿನ ಬೆಳಿಗ್ಗೆ ಏನೂ ಉಣ್ಣುತ್ತಿರಲಿಲ್ಲ, ನೀರೂ ಕುಡಿಯುತ್ತಿರಲಿಲ್ಲ. ಬಸ್ಸಿನಲ್ಲಿ ಹೋಗಬೇಕಾದ ದಿನವೂ ಹಾಗೆಯೇ. ರಕ್ತ ಸೋರುವ ದೇಹವನ್ನು ಹಸಿವಿನಿಂದಲೂ ಬಳಲಿಸುವುದೆಂದರೆ ಎಂಥ ಶಿಕ್ಷೆ! ಗಂಡಸರಿಗೂ ಈ ಕಾಯಿಲೆ ಬರುತ್ತದೆ, ಆದರೆ ಮರೆಮಾಚುವ ಹೊರೆ ಹೆಣ್ಣುಮಕ್ಕಳ ಮೇಲೆಯೇ ಹೆಚ್ಚು.

ಎರಡನೆಯದು ಹಣದ ಮತ್ತು ದಾರಿಯ ಹೊರೆ. ಆ ಹೆಂಗಸು ಹಲವು ವೈದ್ಯರ ಬಳಿ ಅಲೆದು, ಇದ್ದುದನ್ನೆಲ್ಲಾ ಕಳೆದುಕೊಂಡರೂ ಇನ್ನಷ್ಟು ಹದಗೆಟ್ಟಿದ್ದಳೆಂದು ಮಾರ್ಕನು ಬರೆಯುತ್ತಾನೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲಿರುವ ಊರುಗಳು. ಆದರೆ ಕರುಳಿನೊಳಗೆ ಕೊಳವೆ ಹಾಕಿ ನೋಡುವ ಪರೀಕ್ಷೆಗೆ, ತಜ್ಞರ ಸಲಹೆಗೆ ನಮ್ಮವರು ರಾಯಚೂರಿಗೋ ಬಳ್ಳಾರಿಗೋ ಬೆಂಗಳೂರಿಗೋ ಹೋಗುವುದನ್ನೇ ನಾವು ಕಂಡಿದ್ದೇವೆ. ಹೋದವರಿಗೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದೂ ಹೋಯಿತು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂದಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುವುದು ದೊಡ್ಡ ಆಸರೆಯೇ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದವರ ಚಿಕಿತ್ಸೆಗೆ. ಈ ಕಾಯಿಲೆಗೆ ಬೇಕಾದದ್ದು ಮನೆಯಲ್ಲಿದ್ದುಕೊಂಡು ವರ್ಷಗಟ್ಟಲೆ ನುಂಗುವ ಮಾತ್ರೆ. ಅದನ್ನು ಕೊಳ್ಳಲು ಕೈಯಿಂದಲೇ ಹೋಗಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲೂ ಇದರ ಹೆಸರಿಲ್ಲ. ಹೊರಗಿನಿಂದ ನೋಡಿದರೆ ಕೈಕಾಲು ನೆಟ್ಟಗಿರುತ್ತವಲ್ಲ! ಆ ತಾಯಿ ನಮಗೆ ಮಾತ್ರೆಯ ಚೀಟಿ ತೋರಿಸಿ, ‘ದಿನಾ ತಗೊಂಡ್ರ ತಿಂಗಳು ಮುಟ್ಟಂಗಿಲ್ರಿ, ದಿನ ಬಿಟ್ಟು ದಿನ ತಗೋತೀನಿ’ ಎಂದರು. ಅರ್ಧ ಮಾತ್ರೆ ನುಂಗಿದರೆ ಅರ್ಧ ಕಾಯಿಲೆ ಹೋಗುವುದಿಲ್ಲ. ಅದು ಮತ್ತೆ ಕೆರಳಿ ಆಸ್ಪತ್ರೆಗೆ ಸೇರಿಸುತ್ತದೆ, ಆಗ ಸಾಲ ಇಮ್ಮಡಿಯಾಗುತ್ತದೆ.

ಲಿಂಗಸುಗೂರು ಕಡೆಯ ಒಬ್ಬ ಯುವಕನ ಕಥೆ ಇನ್ನೊಂದು ಬಗೆಯದು. ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಿದ್ದ. ಹೊಟ್ಟೆನೋವು, ಜ್ವರ, ತೂಕ ಇಳಿತ. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ನೋಡಲು ಒಂದರಂತೆ ಇನ್ನೊಂದಿರುತ್ತವೆ. ಕ್ಷಯ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಬಲ್ಲ ವೈದ್ಯರಿಗೂ ಬೇರ್ಪಡಿಸುವುದು ಕಷ್ಟ. ಅವನಿಗೆ ಮೊದಲು ಕ್ಷಯದ ಮಾತ್ರೆ ಕೊಟ್ಟರು, ಗುಣವಾಗದಿದ್ದಾಗ ಮತ್ತೆ ಪರೀಕ್ಷೆ ಮಾಡಿ ಕ್ರೋನ್ಸ್ ಎಂದರು. ಅಷ್ಟರೊಳಗೆ ಊರಲ್ಲಿ ಅವನ ತಟ್ಟೆ ಲೋಟ ಬೇರೆಯಾಗಿದ್ದವು. ಕ್ಷಯವಲ್ಲ ಎಂದು ತಿಳಿದ ಮೇಲೂ ಅವು ಮತ್ತೆ ಒಳಗೆ ಬರಲಿಲ್ಲ. ಕ್ಷಯರೋಗಿಗೆ ಸರಕಾರ ಉಚಿತ ಔಷಧಿಯ ಜೊತೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಹಣ ಕೊಡುತ್ತದೆ. 2018ರಲ್ಲಿ 500 ರೂಪಾಯಿ ಇದ್ದದ್ದನ್ನು 2024ರಲ್ಲಿ 1000 ರೂಪಾಯಿ ಮಾಡಿದರು. ಕಾಯಿಲೆಯ ಹೆಸರು ಬದಲಾದ ದಿನ ಈ ಯುವಕನಿಗೆ ಅದೂ ನಿಂತಿತು.

ಮೂರನೆಯದು ಮಾತಿನ ಹೊರೆ. ಕಾಯಿಲೆ ಬಿದ್ದವರ ಮುಂದೆ ನಾವೆಲ್ಲರೂ ವೈದ್ಯರೇ. ಒಬ್ಬರು ಮಜ್ಜಿಗೆ ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಮಜ್ಜಿಗೆಯೊಂದನ್ನೇ ಕುಡಿಯಿರಿ ಎನ್ನುತ್ತಾರೆ. ಮೈಕೈ ನೋವಿಗೆಂದು ಆರ್.ಎಂ.ಪಿ.ಯವರ ಬಳಿ ಹಾಕಿಸಿಕೊಳ್ಳುವ ನೋವಿನ ಸೂಜಿಯೇ ಕೆಲವರಲ್ಲಿ ಈ ಹುಣ್ಣನ್ನು ಕೆರಳಿಸಬಹುದೆಂದು ಯಾರೂ ಹೇಳುವುದಿಲ್ಲ. ಇದಕ್ಕಿಂತ ಕೆಟ್ಟದ್ದು ವಿಶ್ವಾಸದ ಹೆಸರಿನಲ್ಲಿ ಆಡುವ ಮಾತು. ನಮ್ಮ ಆ ತಾಯಿ ಮಾತ್ರೆಯಿಂದ ಚೇತರಿಸಿಕೊಂಡಿದ್ದಾಗ, ಎಲ್ಲೋ ಒಂದು ಪ್ರಾರ್ಥನಾ ಕೂಟದಲ್ಲಿ, ಮಾತ್ರೆ ನುಂಗುವುದು ಅವಿಶ್ವಾಸವೆಂದು ಯಾರೋ ಹೇಳಿದರು. ಅವರು ನಂಬಿ ಬಿಟ್ಟರು. ಮೂರು ತಿಂಗಳಲ್ಲಿ ಆಸ್ಪತ್ರೆ ಸೇರಿ ರಕ್ತ ಹಾಕಿಸಿಕೊಳ್ಳಬೇಕಾಯಿತು. ‘ನನ್ನ ವಿಶ್ವಾಸ ಸಾಲಲಿಲ್ಲೇನ್ರಿ ಫಾದರ್?’ ಎಂದು ಅವರು ಹಾಸಿಗೆಯಲ್ಲಿ ಮಲಗಿ ಕೇಳಿದಾಗ ನಮ್ಮ ಗಂಟಲು ಕಟ್ಟಿತು.

ಮಸ್ಕಿ ಕಡೆಯ ಒಬ್ಬ ತಂದೆ, ಮಗಳ ಆಸ್ಪತ್ರೆಯ ಕಾಗದಗಳನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದಾರೆ. ವರನ ಕಡೆಯವರಿಗೆ ತಿಳಿದರೆ ಸಂಬಂಧ ಮುರಿಯುತ್ತದೆಂಬ ಭಯ. ಮದುವೆಯಾದ ಮೇಲೆ ಮಾತ್ರೆಯನ್ನು ಕದ್ದು ನುಂಗಬೇಕು, ಇಲ್ಲವೇ ಬಿಟ್ಟುಬಿಡಬೇಕು. ನಾವು ಅವರಿಗೆ ಹೇಳಿದ್ದಿಷ್ಟೇ: ಕಾಯಿಲೆ ಹತೋಟಿಯಲ್ಲಿದ್ದರೆ ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು, ಡಾಕ್ಟರರನ್ನು ಕೇಳಿ ಮುಂದಿನ ಹೆಜ್ಜೆ ಇಡಬೇಕು. ಮುಚ್ಚಿಟ್ಟು ಕಟ್ಟಿದ ತಾಳಿಗಿಂತ ತಿಳಿಸಿ ಕಟ್ಟಿದ ತಾಳಿ ಗಟ್ಟಿ. ಮದುವೆಯ ಸಂಸ್ಕಾರದಲ್ಲಿ ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಜೊತೆಗಿರುವೆನೆಂದು ಮಾತು ಕೊಡಿಸುವವರು ನಾವೇ ಅಲ್ಲವೇ? ಗಂಡು ಹೆತ್ತವರು ಈ ಮಾತನ್ನು ಕೇಳಿಸಿಕೊಳ್ಳಲಿ.

ಅದೇ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕ ಚಕ್ರವರ್ತಿಯ ಬಂಡೆ ಶಾಸನ ಜಗತ್ತಿಗೇ ಗೊತ್ತು. ದೊಡ್ಡವರಷ್ಟೇ ಅಲ್ಲ, ಧರ್ಮದಲ್ಲಿ ನಡೆಯುವ ಸಣ್ಣವರೂ ಹಿರಿದಾದುದನ್ನು ಪಡೆಯಬಲ್ಲರು ಎಂಬುದು ಅದರ ತಿರುಳು. ಬೇರೆ ಕಡೆಯ ಶಾಸನವೊಂದರಲ್ಲಿ ಆತನೇ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿದ್ದನ್ನು ಬರೆಸಿದ್ದಾನೆ. ಯೇಸುಸ್ವಾಮಿಯ ಹೆಸರು ಹೊತ್ತ ನಾವು ರೋಗಿಗಳ ವಿಷಯದಲ್ಲಿ ಆ ಅರಸನಿಗಿಂತ ಹಿಂದೆ ಬೀಳಬಹುದೇ?

ಯೇಸುಸ್ವಾಮಿ ಆ ಹೆಂಗಸಿಗೆ ಏನು ಮಾಡಿದರು? ಮುಟ್ಟಿದ ಕೂಡಲೇ ಅವಳಿಗೆ ಗುಣವಾಗಿತ್ತು. ಸುಮ್ಮನೆ ಮುಂದೆ ಹೋಗಬಹುದಿತ್ತು. ಸಾಯುತ್ತಿರುವ ಮಗಳ ತಂದೆ ಯಾಯಿರನು ಅವಸರ ಮಾಡುತ್ತಿದ್ದ. ಆದರೂ ಪ್ರಭು ನಿಂತರು. ಅವಳು ನಡುಗುತ್ತಾ ಬಂದು ನಡೆದುದನ್ನೆಲ್ಲಾ ಹೇಳುವವರೆಗೆ ಕಾದರು. ಹೇಳಿದ ಮೇಲೆ ‘ಮಗಳೇ’ ಎಂದು ಕರೆದರು. ಹನ್ನೆರಡು ವರ್ಷ ಯಾರೂ ಹತ್ತಿರ ಸೇರಿಸದವಳು ಊರೆಲ್ಲಾ ಕೇಳುವಂತೆ ಮಗಳಾದಳು. ಯಾಯಿರನ ಮಗಳನ್ನು ಎಬ್ಬಿಸಿದ ಮೇಲೂ ಅವರು ಮರೆಯದೆ ಹೇಳಿದ್ದು, ಹುಡುಗಿಗೆ ಉಣ್ಣಲು ಏನಾದರೂ ಕೊಡಿ ಎಂದು. ರೋಗಿಯ ಮಾತು ಕೇಳಲು ನಿಲ್ಲುವುದು, ಸಂಬಂಧ ಹಿಡಿದು ಕರೆಯುವುದು, ಹೊಟ್ಟೆಯ ಚಿಂತೆ ಮಾಡುವುದು - ಇವು ನಮ್ಮಿಂದಲೂ ಆಗುವ ಕೆಲಸಗಳೇ.

ಜನರನ್ನು ಕಂಡು ಪ್ರಭು ಕನಿಕರಪಟ್ಟರು ಎಂದು ಶುಭಸಂದೇಶದಲ್ಲಿ ಓದುತ್ತೇವೆ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದದ ಬೇರು ಒಡಲು, ಕರುಳು ಎಂಬ ಅರ್ಥದ್ದು. ನಮ್ಮ ಕನ್ನಡದಲ್ಲೂ ಹೆತ್ತ ಕರುಳು, ಕರುಳ ಬಳ್ಳಿ, ಕರುಳು ಕಿತ್ತು ಬಂದಂತಾಯಿತು ಎನ್ನುತ್ತೇವೆ. ಪ್ರೀತಿಗೆ ಕರುಳಿನ ಹೆಸರಿಟ್ಟ ನಾವೇ ಕರುಳಿನ ಕಾಯಿಲೆಯವರನ್ನು ಅಸಹ್ಯಪಡುವುದು ನ್ಯಾಯವೇ?

ನಾಚಿಕೆಪಡುವವರಿಗೆ ಇಬ್ಬರು ಜಗದ್ಗುರುಗಳ ನೆನಪು ಮಾಡಿಕೊಡುತ್ತೇವೆ. 1981ರ ಮೇ 13ರಂದು ಗುಂಡೇಟು ಬಿದ್ದಾಗ ಸಂತ ದ್ವಿತೀಯ ಜಾನ್ ಪೌಲರ ಕರುಳಿಗೆ ಪೆಟ್ಟಾಗಿತ್ತು. ಕರುಳಿನ ಒಂದು ಭಾಗ ತೆಗೆದು, ಕೆಲವು ತಿಂಗಳ ಕಾಲ ಮಲ ಹೋಗಲು ಹೊಟ್ಟೆಯ ಮೇಲೆಯೇ ದಾರಿ ಮಾಡಿದ್ದರು. ವಿಶ್ವ ರೋಗಿಗಳ ದಿನವನ್ನು 1992ರಲ್ಲಿ ಅದೇ ಮೇ 13ರಂದು ಸ್ಥಾಪಿಸಿದವರು ಅವರೇ. ಎರಡು ತಿಂಗಳಲ್ಲಿ, ಜುಲೈನಲ್ಲಿ, ಅವರ ಕರುಳಿನ ಗೆಡ್ಡೆಯೊಂದನ್ನು ತೆಗೆಯಬೇಕಾಯಿತು. 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರಿಗೂ 2021ರ ಜುಲೈ 4ರಂದು ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆ ಆಯಿತು. ಅದನ್ನು ಲೋಕದಿಂದ ಮುಚ್ಚಿಡಲಿಲ್ಲ. ಮರುವಾರ ಆಸ್ಪತ್ರೆಯ ಮಹಡಿಯಿಂದಲೇ ತ್ರಿಕಾಲ ಪ್ರಾರ್ಥನೆ ನಡೆಸಿ, ಒಳ್ಳೆಯ ಚಿಕಿತ್ಸೆ ಎಲ್ಲರಿಗೂ ಕೈಗೆಟುಕಬೇಕು ಎಂದರು.

ಮಾತ್ರೆ ಬಿಡಿಸುವವರಿಗೆ ಲೂರ್ದೇ ಉತ್ತರ. ಅಲ್ಲಿನ ಚಿಲುಮೆಯ ಬಳಿ 1883ರಿಂದಲೂ ವೈದ್ಯರ ಕಚೇರಿಯಿದೆ. ಗುಣವಾಯಿತು ಎಂದವರನ್ನು ವೈದ್ಯರು ಪರೀಕ್ಷಿಸದೆ ಧರ್ಮಸಭೆ ಅದ್ಭುತವೆನ್ನುವುದಿಲ್ಲ. ಇಷ್ಟು ವರ್ಷಗಳಲ್ಲಿ, 2025ರವರೆಗೆ, ಹಾಗೆ ಒಪ್ಪಿಕೊಂಡದ್ದು 72 ಮಾತ್ರ. ಮಾತೆಯನ್ನು ಕಣ್ಣಾರೆ ಕಂಡ ಬರ್ನದೆತ್ತಳೇ ಉಬ್ಬಸ, ಕ್ಷಯಗಳಿಂದ ನರಳಿ 1879ರಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ವಿಶ್ವಾಸ ಸಾಲಲಿಲ್ಲವೆಂದು ಯಾರಾದರೂ ಹೇಳುವರೇ? 1933ರಲ್ಲಿ ಧರ್ಮಸಭೆ ಅವಳನ್ನು ಸಂತಳೆಂದು ಸಾರಿತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಆ ತಾಯಿಗೆ ನಾವು ಹೇಳಿದ್ದು ಇದನ್ನೇ. ವೈದ್ಯನನ್ನು ಗೌರವಿಸು, ಔಷಧವನ್ನು ಭೂಮಿಯಲ್ಲಿ ಬೆಳೆಸಿದವರು ದೇವರೇ ಎಂಬ ಬೋಧನೆ ಸಿರಾಖನ ಗ್ರಂಥದ 38ನೆಯ ಅಧ್ಯಾಯದಲ್ಲಿದೆ. ಹೊಟ್ಟೆಯ ತೊಂದರೆಯಿದ್ದ ತಿಮೊಥೇಯನಿಗೆ ಸಂತ ಪೌಲನು ಪ್ರಾರ್ಥನೆಯನ್ನಷ್ಟೇ ಹೇಳಲಿಲ್ಲ, ಅಂದಿನ ಮನೆಮದ್ದನ್ನೂ ಹೇಳಿದನು. ಆದ್ದರಿಂದ ಜಪಸರವೂ ಇರಲಿ, ಮಾತ್ರೆಯೂ ಇರಲಿ. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಸಾಯುವವರಿಗಷ್ಟೇ ಎಂದು ತಿಳಿಯಬೇಡಿ. ದೀರ್ಘಕಾಲದ ಗಂಭೀರ ಕಾಯಿಲೆಯವರೂ ಪಡೆಯಬಹುದು.

ಪ್ರಿಯರೇ, ಹಬ್ಬದ ಪ್ರಬೋಧನೆ ಹಬ್ಬಕ್ಕೇ ಮುಗಿಯಬಾರದು. ಪಾಲನಾ ಸಮಿತಿಯವರೊಂದಿಗೆ ಕುಳಿತು ಮೂರು ಕೆಲಸಗಳನ್ನು ನಿಶ್ಚಯಿಸಿದ್ದೇವೆ. ಒಂದು, ಪೂಜೆಯ ಹೊತ್ತಿನಲ್ಲಿ ಶೌಚಾಲಯಕ್ಕೆ ಬೀಗವಿರುವುದಿಲ್ಲ. ತೊಟ್ಟಿಯಲ್ಲಿ ನೀರಿರುತ್ತದೆ. ಶುಚಿ ಮಾಡುವ ಸರದಿಯಲ್ಲಿ ಮೊದಲ ಹೆಸರು ನಮ್ಮದೇ. ಪಕ್ಕದ ಬಾಗಿಲ ಬಳಿಯ ಕೊನೆಯ ಬೆಂಚನ್ನು ನಡುವೆ ಎದ್ದು ಹೋಗಬೇಕಾದವರಿಗೆ ಬಿಡಬೇಕು. ಯಾರಾದರೂ ಎದ್ದರೆ ತಿರುಗಿ ನೋಡಬಾರದು. ಎರಡು, ಇಂದಿನ ಹಬ್ಬದ ಕಾಣಿಕೆಯಿಂದ ಮಾತ್ರೆಯ ನಿಧಿ ತೆರೆಯುತ್ತೇವೆ. ಹೆಸರು ನಮಗೂ ಸಿಸ್ಟರಿಗೂ ಬಿಟ್ಟು ಮೂರನೆಯವರಿಗೆ ತಿಳಿಯದು. ಕಡಿಮೆ ಬೆಲೆಗೆ ಜನೌಷಧಿ ಕೇಂದ್ರದಲ್ಲಿ ಸಿಗುವುದೇ ಎಂದು ಡಾಕ್ಟರರ ಚೀಟಿ ಹಿಡಿದು ವಿಚಾರಿಸಲು, ದೊಡ್ಡಾಸ್ಪತ್ರೆಗೆ ಹೋಗುವವರ ಜೊತೆ ಬಸ್ಸು ಹತ್ತಲು ಯುವಜನರು ಒಪ್ಪಿದ್ದಾರೆ. ಮೂರು, ಕಿರುಸಮುದಾಯದ ಕೂಟಗಳಲ್ಲಿ ಈ ಮಾತನ್ನು ಹೇಳಬೇಕು: ಮಲದಲ್ಲಿ ರಕ್ತ, ವಾರಗಟ್ಟಲೆ ನಿಲ್ಲದ ಭೇದಿ, ಕಾರಣವಿಲ್ಲದೆ ತೂಕ ಇಳಿತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸದೆ ಡಾಕ್ಟರರಿಗೆ ತೋರಿಸಬೇಕು, ಚೆನ್ನಾಗಿದ್ದೇವೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಈ ಹಬ್ಬದ ಶುಭಸಂದೇಶ ಕಾನಾ ಊರಿನ ಮದುವೆಯದು. ದ್ರಾಕ್ಷಾರಸ ಮುಗಿದದ್ದನ್ನು ಮೊದಲು ಕಂಡವರು ಮಾತೆ ಮರಿಯಮ್ಮನವರು. ಮನೆಯವರ ಮಾನ ಹೋಗುವ ಮುನ್ನ ಮಗನ ಕಿವಿಯಲ್ಲಿ ಮೆಲ್ಲನೆ ಹೇಳಿದರು. ಅತಿಥಿಗಳಿಗೆ ಗೊತ್ತಾಗಲೇ ಇಲ್ಲ. ಸದ್ದಿಲ್ಲದೆ ಕಂಡುಕೊಳ್ಳುವ ಆ ಕಣ್ಣು ನಮಗೂ ಬೇಕು.

ಆ ತಾಯಿ ಈಗ ಮತ್ತೆ ಪೂಜೆಗೆ ಬರುತ್ತಿದ್ದಾರೆ. ಕಾಯಿಲೆ ಪೂರ್ತಿ ಹೋಗಿಲ್ಲ. ಕೆಲವು ಭಾನುವಾರ ನಡುವೆ ಎದ್ದು ಹೋಗುತ್ತಾರೆ, ತಿರುಗಿ ಬಂದು ಪರಮಪ್ರಸಾದ ಸ್ವೀಕರಿಸುತ್ತಾರೆ. ಅವರು ತಿರುಗಿ ಬರುವಾಗಲೆಲ್ಲಾ ನಮಗೆ ಮಾರ್ಕನ ಆ ಹೆಂಗಸಿನ ನೆನಪಾಗುತ್ತದೆ.

ಹೇಳಲಾಗದ ಬೇನೆಯ ಚೀಟಿ ಬರೆದವರೇ, ನೀವು ಯಾರೇ ಆಗಿರಿ, ನಿಮಗಾಗಿ ಈ ಪೂಜೆಯನ್ನು ಅರ್ಪಿಸುತ್ತಿದ್ದೇವೆ. ಹೇಳಬೇಕೆನಿಸಿದ ದಿನ ಬನ್ನಿ, ಕೇಳಲು ನಾವಿದ್ದೇವೆ. ರೋಗಿಗಳ ಆರೋಗ್ಯವಾದ ಲೂರ್ದು ಮಾತೆಯೇ, ನೋಯುವ ಕರುಳುಗಳನ್ನು ನಿನ್ನ ಮಗನ ಬಳಿಗೆ ತೆಗೆದುಕೊಂಡು ಹೋಗು. ನೋಯದ ಕರುಳುಗಳನ್ನು ಕರಗಿಸು. ಪಿತನ ಮತ್ತು ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ, ಆಮೆನ್.